ಗುಮ್ಮಟದ ಕೆಳಗೆ ರೈಲಿಲ್ಲ

ನಾಯಕ ಊರು ಬಿಟ್ಟು ಮುಂಬೈಗೆ ಬಂದಿಳಿದ ಎಂದು ತೋರಿಸಲು ಹಳೆಯ ಹಿಂದಿ ಸಿನಿಮಾದವರಿಗೆ ಒಂದೇ ಶಾಟ್ ಸಾಕಾಗುತ್ತಿತ್ತು. ವಿ.ಟಿ. ಸ್ಟೇಷನ್ನಿನ ಗುಮ್ಮಟ, ಅದರ ಕೆಳಗೆ ಕೈಯಲ್ಲಿ ಟ್ರಂಕು ಹಿಡಿದು ತಲೆಯೆತ್ತಿ ನಿಂತ ಹುಡುಗ. ಶಾಟ್ ಚೆನ್ನಾಗಿದೆ, ಆದರೆ ಅದರಲ್ಲೊಂದು ಸುಳ್ಳಿದೆ. ರೈಲಿನಿಂದ ಇಳಿದವರು ಆ ಗುಮ್ಮಟದ ಕೆಳಗಿನಿಂದ ಹೊರಗೆ ಬರುವುದಿಲ್ಲ. ಅಲ್ಲಿ ಹಳಿಯಿಲ್ಲ, ಪ್ಲಾಟ್‌ಫಾರ್ಮ್ ಇಲ್ಲ, ಟಿ.ಸಿ.ಯೂ ಇಲ್ಲ. ಅಲ್ಲಿರುವುದು ಆಫೀಸು, ಫೈಲು, ಸಾಹೇಬರ ಕೋಣೆ.

ಈ ಕಟ್ಟಡ ಅರ್ಥವಾಗಬೇಕಾದರೆ ಇದೊಂದು ಸಂಗತಿಯನ್ನು ಮೊದಲು ತಲೆಗೆ ಹಾಕಿಕೊಳ್ಳಬೇಕು. ವಿಕ್ಟೋರಿಯಾ ಟರ್ಮಿನಸ್ ಎಂದು ಕಟ್ಟಿದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಎಂಬ ಖಾಸಗಿ ಕಂಪನಿಯ ಮುಖ್ಯ ಕಚೇರಿಯನ್ನು. ಸ್ಟೇಷನ್ ಅದಕ್ಕೆ ಅಂಟಿಕೊಂಡು ಬಂತು. ಕಂಪನಿ ಹೋಗಿ ಸರ್ಕಾರ ಬಂತು. 1951ರಲ್ಲಿ ಹುಟ್ಟಿದ ಮಧ್ಯ ರೈಲ್ವೆ ಅದೇ ಕೋಣೆಗಳಲ್ಲಿ ಕುರ್ಚಿ ಹಾಕಿಕೊಂಡು ಕೂತಿತು, ಇವತ್ತಿಗೂ ಅದರ ಕೇಂದ್ರ ಕಚೇರಿ ಅಲ್ಲಿಯೇ ಇದೆ. ಹೆಸರು 1996ರಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ ಆಯಿತು, 2017ರಲ್ಲಿ ನಡುವೆ ‘ಮಹಾರಾಜ್’ ಸೇರಿತು. ಬೋರ್ಡಿನಲ್ಲಿ, ಟಿಕೆಟ್ಟಿನಲ್ಲಿ, ಅನೌನ್ಸ್‌ಮೆಂಟಿನಲ್ಲಿ ಸಿ.ಎಸ್.ಎಂ.ಟಿ. ಹಳಬರ ಬಾಯಲ್ಲಿ ಮಾತ್ರ ಇನ್ನೂ ವಿ.ಟಿ.

ಕಥೆ ಶುರುವಾಗುವುದು ಈ ಕಟ್ಟಡಕ್ಕಿಂತ ಕಾಲು ಶತಮಾನ ಹಿಂದೆ, ಇದೇ ಜಾಗದ ಬಗಲಿನಲ್ಲಿದ್ದ ಬೋರಿ ಬಂದರ್‌ನಲ್ಲಿ. 1853ರ ಏಪ್ರಿಲ್ 16ರ ಮಧ್ಯಾಹ್ನ ಮೂರೂವರೆಯ ಹೊತ್ತಿಗೆ 14 ಬೋಗಿಗಳಲ್ಲಿ ಸುಮಾರು 400 ಅತಿಥಿಗಳನ್ನು ಕೂರಿಸಿಕೊಂಡು ದೇಶದ ಮೊದಲ ಪ್ರಯಾಣಿಕರ ರೈಲು ಠಾಣೆಗೆ ಹೊರಟಿತು. ದೂರ 34 ಕಿಲೋಮೀಟರ್. ಎಳೆದದ್ದು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನ್‌ಗಳು, ಬೀಳ್ಕೊಟ್ಟದ್ದು 21 ಕುಶಾಲತೋಪು. ಇಷ್ಟೆಲ್ಲ ಸಂಭ್ರಮಕ್ಕೆ ಸಾಕ್ಷಿಯಾದ ಸ್ಟೇಷನ್ ಮಾತ್ರ ಸಾದಾ. ಕಂಪನಿಗೆ ಆಗ ಹಳಿ ಹಾಕುವುದೇ ಮುಖ್ಯವಾಗಿತ್ತು, ಮುಖದ ಅಲಂಕಾರಕ್ಕೆ ದುಡ್ಡೂ ಇರಲಿಲ್ಲ, ಪುರುಸೊತ್ತೂ ಇರಲಿಲ್ಲ.

ದುಡ್ಡು ಬಂದದ್ದು ಹತ್ತಿಯಿಂದ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡು ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸಿಗದಾಯಿತು. ದಖ್ಖನ್ನಿನ ಕಪ್ಪು ಮಣ್ಣಿನ ಹತ್ತಿಗೆ ಬಂಗಾರದ ಬೆಲೆ ಬಂತು, ಅದೆಲ್ಲ ಹಡಗು ಹತ್ತಬೇಕಾದದ್ದು ಮುಂಬೈಯಲ್ಲಿ. 1863ರಲ್ಲಿ ಭೋರ್ ಘಾಟಿನ ಹಳಿ ಪೂರ್ತಿಯಾಗಿ, ಸಮುದ್ರಕ್ಕೂ ಪ್ರಸ್ಥಭೂಮಿಗೂ ನಡುವೆ ಗೋಡೆಯಂತಿದ್ದ ಸಹ್ಯಾದ್ರಿಯನ್ನು ರೈಲು ಹತ್ತಿಳಿಯತೊಡಗಿತು. ಆ ಘಾಟಿಯಲ್ಲಿ ಬಂಡೆ ಒಡೆಯುತ್ತ ಕಾಲರಾದಿಂದಲೂ ಅಪಘಾತದಿಂದಲೂ ಸತ್ತ ಕೂಲಿಗಳು ಸಾವಿರ ಸಾವಿರ. ಅವರ ಹೆಸರು ವಿ.ಟಿ.ಯ ಯಾವ ಕಲ್ಲಿನ ಮೇಲೂ ಇಲ್ಲ. ಅದೇ ಹಳಿ ಪುಣೆ, ಸೊಲ್ಲಾಪುರ, ಕಲಬುರಗಿ ದಾಟಿ 1871ರಲ್ಲಿ ರಾಯಚೂರು ಮುಟ್ಟಿತು. ಆ ಕಡೆಯಿಂದ ಮದ್ರಾಸ್ ರೈಲ್ವೆಯ ಹಳಿಯೂ ಬಂದು ಅಲ್ಲಿ ಕೂಡಿಕೊಂಡಿತು. ಮುಂಬೈ ಮತ್ತು ಮದ್ರಾಸು ರೈಲಿನಲ್ಲಿ ಕೈ ಕುಲುಕಿದ್ದು ನಮ್ಮ ರಾಯಚೂರಿನಲ್ಲಿ ಎಂಬುದು ಅಲ್ಲಿನವರಿಗೇ ಎಷ್ಟು ಮಂದಿಗೆ ಗೊತ್ತಿದೆಯೋ!

ಇತ್ತ ಊರೂ ಬದಲಾಗುತ್ತಿತ್ತು. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೆರ್ ಕೋಟೆಯ ಗೋಡೆಗಳನ್ನು ಕೆಡವಿಸಿದ್ದರಿಂದ ವಿಶಾಲವಾದ ಜಾಗ ತೆರೆದುಕೊಂಡಿತು. ಅಲ್ಲಿ ಒಂದರ ಪಕ್ಕ ಒಂದು ಗಾಥಿಕ್ ಕಟ್ಟಡಗಳು ಎದ್ದವು: ಸೆಕ್ರೆಟೇರಿಯಟ್, ಹೈಕೋರ್ಟ್, ವಿಶ್ವವಿದ್ಯಾಲಯ, ರಾಜಾಬಾಯಿ ಗಡಿಯಾರ ಗೋಪುರ. 1869ರಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ಯುರೋಪಿನ ಹಡಗಿಗೆ ಹಿಂದೂಸ್ತಾನದ ಮೊದಲ ಬಾಗಿಲು ಮುಂಬೈಯೇ ಆಯಿತು. ಇಂಥ ಊರಿನಲ್ಲಿ ತಗಡಿನ ಮಾಡಿನ ಕೆಳಗೆ ವ್ಯವಹಾರ ಮಾಡುವುದು ರೈಲ್ವೆ ಕಂಪನಿಯ ಗತ್ತಿಗೆ ಸರಿಹೋಗಲಿಲ್ಲ.

ಕೆಲಸ ಸಿಕ್ಕಿದ್ದು ಫ್ರೆಡರಿಕ್ ವಿಲಿಯಂ ಸ್ಟೀವನ್ಸ್‌ಗೆ. 1847ರಲ್ಲಿ ಇಂಗ್ಲೆಂಡಿನ ಬಾತ್‌ನಲ್ಲಿ ಹುಟ್ಟಿ, 1867ರಲ್ಲಿ ಲೋಕೋಪಯೋಗಿ ಇಲಾಖೆಯ ಎಂಜಿನಿಯರಾಗಿ ಇಲ್ಲಿಗೆ ಬಂದವನು. ಮುಂಬೈಯ ಸೇಲರ್ಸ್ ಹೋಮ್ ಕಟ್ಟಿ ಹೆಸರು ಮಾಡಿದ್ದ. ಈಗ ಅದು ಮಹಾರಾಷ್ಟ್ರ ಪೊಲೀಸರ ಮುಖ್ಯ ಕಚೇರಿ. 1878ರಲ್ಲಿ ರೈಲ್ವೆ ಕೆಲಸ ಕೈಗೆ ಬಂದಾಗ ಅವನಿಗೆ ಮೂವತ್ತೊಂದರ ಆಸುಪಾಸು. ಮೊದಲು ಮಾಡಿದ ಕೆಲಸವೆಂದರೆ ಯುರೋಪಿಗೆ ಹೋಗಿ ಅಲ್ಲಿನ ದೊಡ್ಡ ದೊಡ್ಡ ಸ್ಟೇಷನ್‌ಗಳನ್ನು ತಿಂಗಳುಗಟ್ಟಲೆ ನೋಡಿಕೊಂಡು ಬಂದದ್ದು. ಅವನ ಕಲ್ಪನೆಯನ್ನು ಜಲವರ್ಣದಲ್ಲಿ ಬರೆದುಕೊಟ್ಟವನು ಆಕ್ಸೆಲ್ ಹೇಗ್ ಎಂಬ ಸ್ವೀಡನ್ ಮೂಲದ ಕಲಾವಿದ. ಕಟ್ಟಡ ಏಳುವ ಮೊದಲೇ ಆ ಚಿತ್ರ ಪ್ರಸಿದ್ಧವಾಗಿತ್ತು.

ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ಸ್ಟೇಷನ್ ನೋಡಿದವರಿಗೆ ವಿ.ಟಿ. ಅದರ ತಂಗಿಯಂತೆ ಕಾಣುತ್ತದೆ ಎಂಬ ಮಾತಿದೆ. ಹೋಲಿಕೆ ಇರುವುದು ನಿಜ: ಚೂಪು ಕಮಾನು, ಶಿಖರಗಳು, ಬಣ್ಣ ಬಣ್ಣದ ಕಲ್ಲು. ಅಲ್ಲಿಯೂ ಮುಂದಿನ ಚೆಂದದ ಕಟ್ಟಡ ಬೇರೆ, ಹಿಂದಿನ ರೈಲು ಶೆಡ್ ಬೇರೆ. ಅಲ್ಲಿ ಮುಂದಿರುವುದು ಹೋಟೆಲು, ಇಲ್ಲಿ ಆಫೀಸು, ಅಷ್ಟೆ. ಅದರ ಹೋಟೆಲನ್ನು ರೂಪಿಸಿದ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಮುಂಬೈ ವಿಶ್ವವಿದ್ಯಾಲಯದ ಕಟ್ಟಡವನ್ನೂ ರಾಜಾಬಾಯಿ ಗೋಪುರವನ್ನೂ ಲಂಡನ್ನಿನಲ್ಲಿ ಕೂತೇ ನಕ್ಷೆ ಬರೆದು ಕಳಿಸಿದ್ದ. ಈ ಊರಿಗೆ ಒಮ್ಮೆಯೂ ಕಾಲಿಡಲಿಲ್ಲ. ಸ್ಟೀವನ್ಸ್ ಹಾಗಲ್ಲ, ಹತ್ತು ವರ್ಷ ಮುಂಬೈ ಮಳೆಯಲ್ಲಿ ನೆಂದು, ಬಿಸಿಲಲ್ಲಿ ಬೆವೆತವನು. ಆ ವ್ಯತ್ಯಾಸ ಕಟ್ಟಡದಲ್ಲಿ ಕಾಣುತ್ತದೆ. ಕೋಣೆಗಳ ಮುಂದೆ ಉದ್ದುದ್ದ ವರಾಂಡ, ವರಾಂಡಕ್ಕೆ ಕಮಾನುಗಳ ಸಾಲು. ಬಿಸಿಲು ಕೋಣೆಯ ಗೋಡೆಗೆ ನೇರ ಬಡಿಯುವುದಿಲ್ಲ, ಎರಚಲು ಒಳಗೆ ಬರುವುದಿಲ್ಲ, ಸಮುದ್ರದ ಗಾಳಿ ಮಾತ್ರ ಬರುತ್ತದೆ. ಬಿಸಿಲಿಗಾಗಿ ಹಂಬಲಿಸುವ ದೇಶದ ಶೈಲಿಯನ್ನು ಬಿಸಿಲಿನಿಂದ ತಪ್ಪಿಸಿಕೊಳ್ಳುವ ಊರಿಗೆ ಅವನು ತಂದ ಬಗೆ ಇದು. ನನ್ನ ಮಟ್ಟಿಗೆ ಗುಮ್ಮಟಕ್ಕಿಂತ ಈ ವರಾಂಡಗಳೇ ಜಾಣತನದ ಕೆಲಸ.

ಹಾಗೆಂದು ಗುಮ್ಮಟವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಇಡೀ ಕಟ್ಟಡದ ನಕ್ಷೆ ಇಂಗ್ಲಿಷಿನ ‘ಸಿ’ ಅಕ್ಷರದಂತಿದೆ. ಎರಡು ತೋಳು ಚಾಚಿ ನಡುವೆ ಅಂಗಳವನ್ನು ತಬ್ಬಿಕೊಂಡು ಬೀದಿಗೆ ಮುಖ ಮಾಡಿದೆ. ತೋಳುಗಳ ಮೂಲೆಗಳಲ್ಲಿ ಗೋಪುರಗಳು, ಅವುಗಳ ನಡುವೆ, ಎಲ್ಲಕ್ಕಿಂತ ಎತ್ತರಕ್ಕೆ, ಎಂಟು ಮೂಲೆಯ ಕಲ್ಲಿನ ಗುಮ್ಮಟ. ಗಾಥಿಕ್ ಕಟ್ಟಡಕ್ಕೆ ಸಾಮಾನ್ಯವಾಗಿ ಗುಮ್ಮಟ ಇರುವುದಿಲ್ಲ, ಚೂಪು ಶಿಖರವಿರುತ್ತದೆ. ಗುಮ್ಮಟ ಬಂದದ್ದು ಅರಮನೆ, ಮಸೀದಿ, ಗೋರಿಗಳನ್ನು ಶತಮಾನಗಳಿಂದ ಕಟ್ಟಿದ ಈ ನೆಲದ ಕಣ್ಣಿಗೆ ಒಗ್ಗಲೆಂದೋ, ಕಂಪನಿಯ ದೌಲತ್ತಿಗೋ, ಎರಡಕ್ಕೂ ಇರಬಹುದು.

ಅದನ್ನು ಕಟ್ಟಿದ ರೀತಿ ಇನ್ನೂ ಸ್ವಾರಸ್ಯ. ಗುಮ್ಮಟವನ್ನೋ ಕಮಾನನ್ನೋ ಕಟ್ಟುವಾಗ ಕೆಳಗೆ ಮರದ ಚೌಕಟ್ಟು ಕೊಟ್ಟು, ಕಲ್ಲು ಜೋಡಿಸಿ ಮುಗಿದ ಮೇಲೆ ಚೌಕಟ್ಟನ್ನು ಕಳಚುವುದು ವಾಡಿಕೆ. ಇಲ್ಲಿ ಅಂಥ ಆಸರೆಯಿಲ್ಲದೆ, ಒಂದರೊಳಗೊಂದು ಕಚ್ಚಿಕೊಳ್ಳುವ ಕಲ್ಲಿನ ಪಕ್ಕೆಗಳನ್ನು ಎಬ್ಬಿಸುತ್ತ ಹೋದರು. ಬಾವಿಗೆ ಸುತ್ತುಗಲ್ಲು ಕಟ್ಟುವವರಿಗೆ ಇದರ ಗುಟ್ಟು ಗೊತ್ತು. ಒಂದು ವರಸೆಯ ಕಲ್ಲುಗಳು ಸುತ್ತು ಬಂದು ಕೂಡಿಕೊಂಡರೆ ಅವು ಒಂದನ್ನೊಂದು ಒತ್ತಿ ಹಿಡಿಯುತ್ತವೆ, ಒಳಕ್ಕೆ ಬೀಳಲು ಜಾಗವೇ ಉಳಿಯುವುದಿಲ್ಲ. ವರಸೆಯ ಮೇಲೆ ವರಸೆ ಕೂಡಿಕೊಳ್ಳುತ್ತ ಗುಮ್ಮಟ ತನ್ನ ಭಾರವನ್ನು ತಾನೇ ಹೊರುತ್ತದೆ. ಅದರ ಕೆಳಗೆ ಗೋಡೆಯಿಂದ ಚಾಚಿಕೊಂಡ ದೊಡ್ಡ ಕಲ್ಲಿನ ಮೆಟ್ಟಿಲುಸಾಲು ಸುತ್ತಿ ಮೇಲೆ ಹೋಗುತ್ತದೆ, ನಡುವೆ ಕಂಬದ ಆಸರೆಯಿಲ್ಲ. ನಡುಮಧ್ಯದಲ್ಲಿ ನಿಂತು ಕತ್ತೆತ್ತಿದರೆ ಬಣ್ಣದ ಗಾಜಿನ ಕಿಟಕಿಗಳಿಂದ ಇಳಿದ ಬೆಳಕು, ಅದರಾಚೆ ಗುಮ್ಮಟದ ಒಳಮೈ. ದಿನಾ ಆ ಮೆಟ್ಟಿಲು ಹತ್ತುವ ಗುಮಾಸ್ತರು ಕತ್ತೆತ್ತುವುದು ಅಪರೂಪ; ಅವರದು ಸಹಿ ಹಾಕುವ ಹೊತ್ತಿನ ಧಾವಂತ.

ಗುಮ್ಮಟದ ನೆತ್ತಿಯಲ್ಲಿ ಒಬ್ಬಳು ಹೆಂಗಸು ನಿಂತಿದ್ದಾಳೆ. ಬಲಗೈಯಲ್ಲಿ ಎತ್ತಿ ಹಿಡಿದ ಪಂಜು, ಎಡಗೈಯಲ್ಲಿ ಅರಗಳಿರುವ ಗಾಲಿ. ಬಹಳ ಮಂದಿ ಅವಳನ್ನು ವಿಕ್ಟೋರಿಯಾ ರಾಣಿ ಎಂದುಕೊಳ್ಳುತ್ತಾರೆ. ಅವಳು ‘ಪ್ರಗತಿ’. ಕೆಳಗಿನ ತ್ರಿಕೋನ ನೆತ್ತಿಗಳ ಮೇಲೆ ಕೃಷಿ, ವಾಣಿಜ್ಯ, ಎಂಜಿನಿಯರಿಂಗ್ ಕೂಡ ಹೀಗೆಯೇ ಆಕಾರ ಪಡೆದು ಕೂತಿವೆ. ಇವುಗಳನ್ನು ಕೆತ್ತಿದವನು ಥಾಮಸ್ ಅರ್ಪ್ ಎಂಬ ಇಂಗ್ಲಿಷ್ ಶಿಲ್ಪಿ. ಹೆಬ್ಬಾಗಿಲಿನ ಕಂಬಗಳ ಮೇಲೆ ಒಂದು ಕಡೆ ಬ್ರಿಟನ್ನಿನ ಸಿಂಹ, ಇನ್ನೊಂದು ಕಡೆ ಹಿಂದೂಸ್ತಾನದ ಹುಲಿ, ಎರಡೂ ಸಮಾನ ಗಾತ್ರದಲ್ಲಿ ಕೂತಿವೆ. ಸಮಾನತೆ ಕಲ್ಲಿಗಷ್ಟೇ ಸೀಮಿತವಾಗಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಾಣಿಯೂ ಇದ್ದಳು. ಗಡಿಯಾರದ ಕೆಳಗೆ ಮೇಲ್ಕಟ್ಟಿನ ಗೂಡಿನಲ್ಲಿ ಅವಳ ಪ್ರತಿಮೆ ನಿಂತಿತ್ತು. 1887ರಲ್ಲಿ ಅವಳ ಆಳ್ವಿಕೆಯ ಐವತ್ತನೇ ವರ್ಷದ ಹಬ್ಬದ ನೆಪದಲ್ಲಿ ಕಟ್ಟಡಕ್ಕೆ ಅವಳ ಹೆಸರಿಟ್ಟರು, ಮರುವರ್ಷ ಕಟ್ಟಡ ಪೂರ್ತಿಯಾಯಿತು. ಹತ್ತು ವರ್ಷದ ಕೆಲಸಕ್ಕೆ ಆದ ಖರ್ಚು 16 ಲಕ್ಷ ರೂಪಾಯಿಗಿಂತ ತುಸು ಹೆಚ್ಚು. ಸ್ವಾತಂತ್ರ್ಯ ಬಂದ ಮೇಲೆ ಪ್ರತಿಮೆಯನ್ನು ತೆಗೆದರು. ಗೂಡು ಹಾಗೇ ಖಾಲಿ ಇದೆ. ಅಲ್ಲಿ ಬೇರೆ ಯಾರನ್ನಾದರೂ ನಿಲ್ಲಿಸಬೇಕೆಂಬ ಮಾತು ಆಗಾಗ ಏಳುತ್ತದೆ. ಖಾಲಿ ಇದ್ದರೇ ಒಳ್ಳೆಯದು ಎನ್ನುವವರಲ್ಲಿ ನಾನೂ ಒಬ್ಬ. ತೆಗೆದುಹಾಕಿದ್ದೂ ಇತಿಹಾಸವೇ, ಅದೂ ಕಾಣುತ್ತಿರಲಿ.

ಇನ್ನು ಕಲ್ಲಿನ ಹತ್ತಿರಕ್ಕೆ ಹೋಗೋಣ. ಗೋಡೆಯ ಬಹುಭಾಗ ಮಾಲಾಡಿನ ಕಲ್ಲು. ಈಗ ಲೋಕಲ್ ರೈಲಿನ ಒಂದು ಸ್ಟೇಷನ್ ಆಗಿರುವ ಮಾಲಾಡ್ ಆಗ ಕಲ್ಲುಗಣಿಗಳ ಹಳ್ಳಿ. ಅಲ್ಲಿನ ಕಲ್ಲು ಹದವಾದ ಹಳದಿ, ಉಳಿಗೆ ಬಗ್ಗುತ್ತದೆ. ಅದಕ್ಕೆ ಎದುರಾಗಿ ದಖ್ಖನ್ನಿನ ನೀಲಿಗಪ್ಪು ಕಲ್ಲು, ಇದು ಉಳಿಗೆ ಸುಲಭವಾಗಿ ಬಗ್ಗುವುದಲ್ಲ. ಮೆದು ಕಲ್ಲಿನಲ್ಲಿ ಕೆತ್ತನೆ, ಗಟ್ಟಿ ಕಲ್ಲಿನಲ್ಲಿ ಭಾರ ಹೊರುವ ಕೆಲಸ. ಕಂಬದ ಬೋದಿಗೆಗಳನ್ನು ನೋಡಿ: ಎಲೆಯ ನಡುವೆ ಕೋತಿ, ಇನ್ನೊಂದರಲ್ಲಿ ಗೂಬೆ, ಮತ್ತೊಂದರಲ್ಲಿ ಹಾವು. ಕಮಾನಿನ ಮೇಲಿನ ಅರ್ಧಚಂದ್ರದಲ್ಲಿ ಗರಿ ಬಿಚ್ಚಿದ ನವಿಲು. ಆ ಜಾಗದ ಆಕಾರಕ್ಕೆ ನವಿಲಿನ ಗರಿಗಿಂತ ಒಪ್ಪುವ ವಸ್ತು ಬೇರೆ ಇರಲಿಕ್ಕಿಲ್ಲ. ಮಾಡಿನ ಅಂಚಿನಲ್ಲಿ ಬಾಯಿ ತೆರೆದು ಹೊರಕ್ಕೆ ಚಾಚಿದ ಪ್ರಾಣಿಗಳಿವೆ. ಯುರೋಪಿನ ಚರ್ಚುಗಳಲ್ಲಿ ಅವು ಮಾಡಿನ ನೀರನ್ನು ಗೋಡೆಗೆ ತಾಗದಂತೆ ದೂರ ಉಗುಳುವ ದೋಣಿಗಳು, ರಾಕ್ಷಸರ ಮುಖದವು. ಇಲ್ಲಿ ಅವುಗಳಿಗೆ ಈ ನೆಲದ ಮೃಗಗಳ ಮುಖ ಬಂತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ ಹೊಯ್ಯುವ ಊರಿನಲ್ಲಿ ಕೆಲಸಕ್ಕೇನೂ ಬರವಿರಲಿಲ್ಲ.

ಈ ಕೋತಿ, ನವಿಲುಗಳನ್ನು ಕೆತ್ತಿದವರು ಯಾರು? ಸರ್ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳು, ಅವರ ಗುರು ಜಾನ್ ಗ್ರಿಫಿತ್ಸ್. ಈ ಗ್ರಿಫಿತ್ಸ್ 1872ರಿಂದ 1885ರವರೆಗೆ ಶಾಲೆಯ ಹುಡುಗರನ್ನು ಕರೆದುಕೊಂಡು ಹೋಗಿ ಅಜಂತಾದ ಭಿತ್ತಿಚಿತ್ರಗಳ ಪ್ರತಿ ಮಾಡಿಸುತ್ತಿದ್ದವನು. ವಿ.ಟಿ. ಏಳುತ್ತಿದ್ದುದೂ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ. ಅಂದರೆ ಒಂದೇ ಶಾಲೆಯ ಒಂದು ಕೈ ಅಜಂತಾದ ಗುಹೆಯಲ್ಲಿ ಎಲೆ, ಬಳ್ಳಿ, ಹಕ್ಕಿಗಳ ರೇಖೆ ಹಿಡಿಯುತ್ತಿದ್ದಾಗ ಇನ್ನೊಂದು ಕೈ ಬೋರಿ ಬಂದರಿನಲ್ಲಿ ಇಂಗ್ಲಿಷ್ ಕಂಪನಿಯ ಗೋಡೆಗೆ ಎಲೆ, ಬಳ್ಳಿ, ಹಕ್ಕಿ ಬಿಡಿಸುತ್ತಿತ್ತು. ಸ್ಟೀವನ್ಸನ ಕೈಕೆಳಗೆ ಸಹಾಯಕ ಎಂಜಿನಿಯರ್ ಆಗಿ ದುಡಿದವರು ಸೀತಾರಾಮ ಖಂಡೇರಾವ್. ‘ಸ್ಟೀವನ್ಸನ ಕಟ್ಟಡ’ ಎನ್ನುವಾಗ ಇವರೆಲ್ಲ ಮರೆಯಾಗುತ್ತಾರೆ, ಆದರೆ ಯಾವ ಗೋಡೆಯ ಬಳಿ ನಿಂತರೂ ಮೊದಲು ಕಣ್ಣಿಗೆ ಬೀಳುವುದು ಇವರ ಕೈಗೆಲಸವೇ.

ಮುಖಭಾಗದ ದುಂಡು ಪದಕಗಳಲ್ಲಿ ಕಂಪನಿಯ ಹಿರಿಯರ ಮುಖಗಳಿವೆ. ಟೋಪಿ, ಮೀಸೆಗಳ ನಡುವೆ ಒಂದು ಪಾರ್ಸಿ ಪೇಟ, ಒಂದು ಮರಾಠಿ ಪಗಡಿ ಕಣ್ಣಿಗೆ ಬೀಳುತ್ತವೆ: ಜಮ್‌ಶೇಟ್‌ಜೀ ಜೀಜೀಭಾಯ್ ಮತ್ತು ಜಗನ್ನಾಥ ಶಂಕರಶೇಟ್. ಮುಂಬೈಗೆ ರೈಲು ಬೇಕೆಂದು 1840ರ ದಶಕದಲ್ಲೇ ಪಟ್ಟು ಹಿಡಿದು, ಹಣವನ್ನೂ ಹೆಸರನ್ನೂ ಕೊಟ್ಟ ವರ್ತಕರು ಇವರು. ಗೋಡೆಯನ್ನು ಕೆತ್ತಿದ ಕಲಾಶಾಲೆಯೂ ಜೀಜೀಭಾಯ್ ಅವರ ದತ್ತಿಯಿಂದಲೇ ಶುರುವಾದದ್ದು.

ಕಂಪನಿ ಜನಸಾಮಾನ್ಯರಿಗೆ ಬಿಟ್ಟುಕೊಟ್ಟ ಚೆಂದದ ಜಾಗ ಎಂದರೆ ಉತ್ತರದ ತೋಳಿನ ನೆಲಮಹಡಿಯ ಟಿಕೆಟ್ ಹಾಲ್. ಅದರ ಚಾವಣಿಯ ತುಂಬ ನಕ್ಷತ್ರ ಬರೆದಿರುವುದರಿಂದ ‘ಸ್ಟಾರ್ ಚೇಂಬರ್’ ಎಂದು ಹೆಸರು. ಕಮಾನುಗಳು ಒಂದಕ್ಕೊಂದು ಬೆನ್ನು ಕೊಟ್ಟು ಹಬ್ಬಿವೆ, ಕಂಬಗಳು ಮೆರುಗು ಕೊಟ್ಟ ಕಲ್ಲಿನವು, ನಡುನಡುವೆ ಇಟಲಿಯ ಅಮೃತಶಿಲೆ. ಈಗಲೂ ಅಲ್ಲಿ ಲೋಕಲ್ ಟಿಕೆಟ್ ಕೊಡುತ್ತಾರೆ. ಮಸೀದ್ ಬಂದರ್‌ಗೆ ಹೋಗುವವನು ಐದು ರೂಪಾಯಿಯ ಟಿಕೆಟ್‌ಗಾಗಿ ನಿಲ್ಲುವುದು ಬೇರೆ ಊರಿನಲ್ಲಾದರೆ ಮ್ಯೂಸಿಯಂ ಎಂದು ಹಗ್ಗ ಕಟ್ಟಿಡುತ್ತಿದ್ದ ಜಾಗದಲ್ಲಿ. ಕ್ಯೂನಲ್ಲಿ ಮುಂದಿನವರು ಚಿಲ್ಲರೆಗೆ ತಡಕಾಡುವಷ್ಟು ಹೊತ್ತು ಕತ್ತೆತ್ತಿ ನಕ್ಷತ್ರ ಎಣಿಸಬಹುದು. ಬಳಸುತ್ತಲೇ ಉಳಿಸಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಸ್ಟೀವನ್ಸ್ ಅಲ್ಲಿಗೇ ನಿಲ್ಲಲಿಲ್ಲ. ವಿ.ಟಿ.ಯ ಎದುರಿಗೇ ಮಹಾನಗರಪಾಲಿಕೆಯ ಕಟ್ಟಡವನ್ನು 1893ರಲ್ಲಿ ಮುಗಿಸಿದ. ಪ್ರತಿಸ್ಪರ್ಧಿ ರೈಲ್ವೆಗೆ ಚರ್ಚ್‌ಗೇಟಿನಲ್ಲಿ ಕಚೇರಿ ಕಟ್ಟಿಕೊಟ್ಟ. 1900ರಲ್ಲಿ ಮಲೇರಿಯಾ ತಗುಲಿ ಇದೇ ಊರಿನಲ್ಲಿ ತೀರಿಕೊಂಡ.

ಕಟ್ಟಡ ಹಾಗೇ ನಿಂತಿತು, ಅದರ ಬೆನ್ನಿಗಿದ್ದ ಸ್ಟೇಷನ್ ಬೆಳೆಯುತ್ತಲೇ ಹೋಯಿತು. 1925ರ ಫೆಬ್ರುವರಿ 3ರಂದು ದೇಶದ ಮೊದಲ ವಿದ್ಯುತ್ ರೈಲು ಇಲ್ಲಿಂದ ಹಾರ್ಬರ್ ಮಾರ್ಗದಲ್ಲಿ ಕುರ್ಲಾಕ್ಕೆ ಓಡಿತು. 1929ರ ಹೊತ್ತಿಗೆ ದೂರದೂರಿನ ರೈಲುಗಳಿಗಾಗಿ ಪೂರ್ವದ ಕಡೆ ಹೊಸ ಭಾಗ ಸೇರಿತು. ಈಗ ಒಟ್ಟು 18 ಪ್ಲಾಟ್‌ಫಾರ್ಮ್‌ಗಳು. ಮೊದಲ ಏಳು ಲೋಕಲ್‌ಗೆ, ಉಳಿದ ಹನ್ನೊಂದು ಮೇಲ್, ಎಕ್ಸ್‌ಪ್ರೆಸ್‌ಗಳಿಗೆ. ಈ ಹನ್ನೊಂದರ ಮುಂದಿನ ಹಾಲ್ ಯಾವ ಪೋಸ್ಟ್‌ಕಾರ್ಡಿನಲ್ಲೂ ಇಲ್ಲ. ಸಾದಾ ಮಾಡು, ಸಾದಾ ನೆಲ, ಚಾದರ ಹಾಸಿ ಗಂಟುಮೂಟೆಗೆ ಒರಗಿ ಕೂತ ಜನ.

2008ರ ನವೆಂಬರ್ 26ರ ರಾತ್ರಿ ಇಬ್ಬರು ಬಂದೂಕುಧಾರಿಗಳು ನುಗ್ಗಿದ್ದು ಈ ಹಾಲ್‌ಗೆ. ಸತ್ತವರು 58 ಮಂದಿ, ಹೆಚ್ಚಿನವರು ಊರಿಗೆ ಹೋಗಲು ರೈಲು ಕಾಯುತ್ತಿದ್ದವರು. ಮೇಲಿನ ಕ್ಯಾಬಿನ್‌ನಲ್ಲಿದ್ದ ರೈಲ್ವೆ ಅನೌನ್ಸರ್ ಒಬ್ಬರು ಮೈಕ್ ಬಿಡದೆ, ಲೋಕಲ್‌ಗಳಿಂದ ಇಳಿಯುತ್ತಿದ್ದವರಿಗೆ ಆ ಕಡೆ ಬರಬೇಡಿ, ಹಿಂದಿನಿಂದ ಹೊರಗೆ ಹೋಗಿ ಎಂದು ಮತ್ತೆ ಮತ್ತೆ ಹೇಳಿ ಎಷ್ಟೋ ಜೀವ ಉಳಿಸಿದರು. ಮರುದಿನ ಪತ್ರಿಕೆಗಳು ಗುಮ್ಮಟದ ಫೋಟೊ ಹಾಕಿದವು. ರಕ್ತ ಚೆಲ್ಲಿದ್ದು ಆ ಗುಮ್ಮಟ ಕಾಣಿಸದ ಕಡೆ.

ಕನ್ನಡಿಗರಿಗೂ ಈ ಸ್ಟೇಷನ್ನಿಗೂ ಇರುವ ನಂಟು ಒಂದೇ ಬಗೆಯದಲ್ಲ. ಕಲಬುರಗಿ, ರಾಯಚೂರಿನವರಿಗೆ ಇದು 1871ರಿಂದಲೂ ನೇರ ದಾರಿ. ಹುಬ್ಬಳ್ಳಿ, ಬೆಳಗಾವಿಯವರು ಮೀಟರ್‌ಗೇಜಿನಲ್ಲಿ ಪುಣೆವರೆಗೆ ಬಂದು, ಅಲ್ಲಿ ಗಾಡಿ ಬದಲಿಸಿ ಇಲ್ಲಿಗೆ ತಲುಪುತ್ತಿದ್ದರು. ಕರಾವಳಿಯವರ ಕಥೆ ಬೇರೆ. ಮುಂಬೈಯ ತಿಂಡಿ ಹೋಟೆಲುಗಳನ್ನು ಕಟ್ಟಿದ, ಫೋರ್ಟ್ ಭಾಗದಲ್ಲಿ ಹಗಲು ಲೋಟ ತೊಳೆದು ಕನ್ನಡ ರಾತ್ರಿ ಶಾಲೆಯಲ್ಲಿ ಓದಿದ ಉಡುಪಿ, ಮಂಗಳೂರಿನ ಹುಡುಗರ ಮೊದಲ ತಲೆಮಾರು ಇಳಿದದ್ದು ಹಡಗಿನಿಂದ, ಆಮೇಲಿನವರು ಬಸ್ಸಿನಿಂದ. ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಹಾಗಾಗಿ ಮುಂಬೈಯಲ್ಲಿ ಹೆಚ್ಚು ಕಾಲ ಬಾಳಿದ ಕರಾವಳಿಯ ಕನ್ನಡಿಗರಿಗೆ ವಿ.ಟಿ. ಊರಿನಿಂದ ಬಂದಿಳಿದ ಜಾಗವಾಗಿರಲಿಲ್ಲ; ದಿನಾ ಕೆಲಸಕ್ಕೆ ಬಂದಿಳಿಯುವ ಜಾಗವಾಗಿತ್ತು.

2004ರ ಜುಲೈನಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2022ರಲ್ಲಿ ಕೇಂದ್ರ ಸಂಪುಟ ದೆಹಲಿ, ಅಹಮದಾಬಾದ್ ಸ್ಟೇಷನ್‌ಗಳ ಜೊತೆ ಇದರ ಪುನರಭಿವೃದ್ಧಿಗೂ ಒಪ್ಪಿಗೆ ಕೊಟ್ಟಿತು. ಮೂರಕ್ಕೂ ಸೇರಿ ಅಂದಾಜು 10,000 ಕೋಟಿ ರೂಪಾಯಿ. ಸ್ಟೀವನ್ಸನ ಗೋಡೆಗೆ ಯಾರೂ ಕೈ ಹಚ್ಚಲಾರರು, ಅದಕ್ಕೆ ಕಾವಲು ಬೇಕಷ್ಟಿದೆ. ನಿಜವಾದ ಪರೀಕ್ಷೆ ಬೆನ್ನಿನ ಕಡೆಯದು. ಚಾದರ ಹಾಸಿ ಕೂತವರಿಗೆ ಹೊಸ ಹಾಲ್‌ನಲ್ಲಿ ಜಾಗ ಎಷ್ಟಿರುತ್ತದೆ, ಅಂಗಡಿಗಳಿಗೆ ಎಷ್ಟಿರುತ್ತದೆ ಎಂಬುದನ್ನು ನೋಡಬೇಕು.

ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೋಗುವವರಿಗೆ ಒಂದು ಮಾತು. ಇಳಿದ ತಕ್ಷಣ ಟ್ಯಾಕ್ಸಿಯವರು ಪಿ. ಡಿಮೆಲ್ಲೊ ರಸ್ತೆಯ ಕಡೆ ಕರೆದುಕೊಂಡು ಹೋದರೆ ಕಟ್ಟಡ ಕಾಣುವುದೇ ಇಲ್ಲ. ಲಗೇಜು ಹಗುರವಿದ್ದರೆ ಲೋಕಲ್ ಪ್ಲಾಟ್‌ಫಾರ್ಮ್‌ಗಳ ಕಡೆ ನಡೆದು, ಸ್ಟಾರ್ ಚೇಂಬರ್ ಹಾದು ಪಶ್ಚಿಮಕ್ಕೆ ಹೊರಗೆ ಬನ್ನಿ. ಸಬ್‌ವೇಯಲ್ಲಿ ರಸ್ತೆ ದಾಟಿ ಪಾಲಿಕೆ ಕಟ್ಟಡದ ಮಗ್ಗುಲಿಗೆ ನಿಂತರೆ ಸ್ಟೀವನ್ಸನ ಎರಡೂ ಕೆಲಸ ಒಟ್ಟಿಗೆ ಸಿಗುತ್ತವೆ. ಒಳಗಿನ ಮೆಟ್ಟಿಲುಸಾಲು ಮತ್ತು ಗುಮ್ಮಟವನ್ನು ನೋಡಬೇಕಾದರೆ ಕಚೇರಿ ದಿನ ಹೋಗಿ, ಪರಂಪರೆ ಗ್ಯಾಲರಿಯ ಸಮಯ ವಿಚಾರಿಸಿಕೊಳ್ಳಿ. ಶನಿವಾರ, ಭಾನುವಾರ ಹೋದರೆ ಗೇಟಿನಿಂದಲೇ ವಾಪಸ್ ಬರಬೇಕಾದೀತು, ಎಷ್ಟೆಂದರೂ ಅದು ಆಫೀಸು.